ಗೆಜ್ಜೆ ಬಿಚ್ಚಿದ ಮೇಲೆ

ಕರಾವಳಿಯ ಯಕ್ಷಗಾನ ರಸಿಕನ ವರ್ಷವು ದೀಪಾವಳಿ ಕಳೆದು ಮೇಳಗಳು ಗೆಜ್ಜೆ ಕಟ್ಟಿ ಹೊರಡುವುದರೊಂದಿಗೆ ಆರಂಭವಾಗುತ್ತದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ 24ರ ಸುಮಾರಿಗೆ, ಕ್ಷೇತ್ರದಲ್ಲಿ ಸೇವೆಯಾಟ ನಡೆದು ಗೆಜ್ಜೆ ಬಿಚ್ಚುವವರೆಗೆ ಅದು ಬಯಲಾಟಗಳ ಲಯದಲ್ಲಿ ಸಾಗಿ, ಆಮೇಲಿನ ಮಳೆಗಾಲವನ್ನು ತಾಳಮದ್ದಳೆಗೆ ಬಿಟ್ಟುಕೊಡುತ್ತದೆ. ಮೇಳವೊಂದು ಊರೂರು ಸುತ್ತಿ ಆಟವಾಡುವ ಈ ಆರು ತಿಂಗಳ ಸಂಚಾರಕ್ಕೆ ತಿರುಗಾಟವೆಂದು ಹೆಸರು. ಕಲಾವಿದನ ಅನುಭವವನ್ನೂ ವಯಸ್ಸಿಗಿಂತ ಹೆಚ್ಚಾಗಿ ತಿರುಗಾಟಗಳ ಲೆಕ್ಕದಲ್ಲೇ ಹೇಳುವ ರೂಢಿಯಿದೆ. ರಸಿಕನೂ ತನ್ನ ವರ್ಷದ ಸಂತೋಷಗಳನ್ನು ಇದೇ ಅಳತೆಯಲ್ಲಿ ಎಣಿಸುತ್ತಾನೆ. ಹಾಗೆ ಎಣಿಸಲು ಕುಳಿತಾಗ ಕರಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದ್ದ ಪ್ರಸಂಗದ ಹೆಸರು, ಪ್ರಸಿದ್ಧರ ಜೋಡಿ, ಸನ್ಮಾನದ ಸಭೆ ಇವೆಲ್ಲ ಹಿಂದೆ ಸರಿದು, ಆಟದ ಅಂಚಿನಲ್ಲಿ ಹೆಚ್ಚಿನವರ ಗಮನಕ್ಕೆ ಬಾರದೆ ಸಂದುಹೋದ ಕೆಲವು ಗಳಿಗೆಗಳು ಮುಂದೆ ಬಂದು ನಿಲ್ಲುತ್ತವೆ.

ಆ ಗಳಿಗೆಗಳಲ್ಲಿ ಮೊದಲಿನವು ಚೌಕಿಗೆ ಸೇರಿದವು. ಚೌಕಿಯೆಂದರೆ ರಂಗಸ್ಥಳದ ಹಿಂದೆ, ಗದ್ದೆಯಲ್ಲೋ ಶಾಲೆಯ ಅಂಗಳದಲ್ಲೋ, ತಾತ್ಕಾಲಿಕವಾಗಿ ಕಟ್ಟಿಕೊಂಡ ಬಣ್ಣದ ಮನೆ. ಅಲ್ಲಿ ಮೇಳದ ಗಣಪತಿಗೆ ಪೂಜೆಯಾಗದೆ ಆಟ ತೊಡಗುವುದಿಲ್ಲ, ಮತ್ತು ಯಾವ ವೇಷದವನು ಎಲ್ಲಿ ಕೂರಬೇಕೆಂಬುದಕ್ಕೂ ಅಲ್ಲಿ ಕ್ರಮವಿದೆ. ತೆಂಕುತಿಟ್ಟಿನಲ್ಲಿ, ಅಂದರೆ ಉಡುಪಿಯ ದಕ್ಷಿಣಕ್ಕೆ ಕಾಸರಗೋಡಿನವರೆಗೆ ಹಬ್ಬಿದ ಶೈಲಿಯಲ್ಲಿ, ರಾಕ್ಷಸ ಪಾತ್ರಗಳಿಗೆ ಬಣ್ಣದ ವೇಷವೆಂದು ಹೆಸರು. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಹದವನ್ನು ಕಡ್ಡಿಯಿಂದ ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವ ಚುಟ್ಟಿ ಎಂಬ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಕಥಕಳಿಯಲ್ಲಿ ಚುಟ್ಟಿ ಇಡಲು ಪ್ರತ್ಯೇಕ ಕುಶಲಿಗಳಿದ್ದಾರೆ. ಯಕ್ಷಗಾನದಲ್ಲಿ ವೇಷಧಾರಿಯೇ ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಒಂದು ಸುತ್ತು ಇಟ್ಟು, ಅದು ಒಣಗುವವರೆಗೆ ಮಾತಿಲ್ಲದೆ ತುಟಿ ಬಿಗಿಹಿಡಿದು ಕಾದು, ಅದರ ಮೇಲೆ ಮತ್ತೊಂದು ಸುತ್ತು ಇಡುವ ಹೊತ್ತಿಗೆ, ಹೊರಗೆ ಚೆಂಡೆಯ ಸದ್ದು ಏರುತ್ತಿದ್ದರೂ ಆತನ ಕೈ ಅವಸರಿಸುವುದಿಲ್ಲ. ಗಲ್ಲದ ಮೂಳೆಯ ಮೇಲಿನ ಮುಳ್ಳುಗಳು ಒಂದೇ ಎತ್ತರಕ್ಕೆ ಬಂದಿವೆಯೇ ಎಂದು ಕತ್ತನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ನೋಡಿಕೊಂಡು, ಒಂದು ಮುಳ್ಳು ತುಸು ಬಾಗಿದ್ದರೆ ಅದನ್ನು ಕಿತ್ತು ಹೊಸದಾಗಿ ಇಡುವ ಆ ಶ್ರದ್ಧೆಯನ್ನು ಒಮ್ಮೆ ಹತ್ತಿರದಿಂದ ಕಂಡವನು, ಮುಂದೆ ದೊಂದಿಯ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದಲೇ ಆರ್ಭಟಿಸುತ್ತ ಬರುವ ಮಹಿಷಾಸುರನನ್ನು ಬೇರೆಯದೇ ಕಣ್ಣಿನಿಂದ ನೋಡುತ್ತಾನೆ.

ಎರಡನೆಯದು ಪೂರ್ವರಂಗದ ಸಂತೋಷ. ಕಥಾಭಾಗಕ್ಕೆ ಮೊದಲು ನಡೆಯುವ ಹಾಡು ಕುಣಿತಗಳ ವಿಧಿಗೆ ಪೂರ್ವರಂಗವೆಂದು ಹೆಸರು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಮೊದಲಾದವು ಇದರಲ್ಲಿ ಒಂದಾದ ಮೇಲೊಂದು ಬಂದು ಕುಣಿದು ಹೋಗುತ್ತವೆ. ತೆಂಕುತಿಟ್ಟಿನಲ್ಲಿ ಈ ಭಾಗಕ್ಕೆ ಹಾಡುವವನು ಮೇಳದ ಕಿರಿಯ ಹಾಡುಗಾರ, ಆತನನ್ನು ಸಂಗೀತಗಾರನೆಂದು ಕರೆಯುತ್ತಾರೆ. ಕುಣಿಯುವವರು ಹೆಚ್ಚಾಗಿ ಹೊಸದಾಗಿ ಮೇಳ ಸೇರಿದ ಹುಡುಗರು. ಅಂದರೆ ಪೂರ್ವರಂಗವು ದೇವತಾಸ್ತುತಿಯೂ ಹೌದು, ಮೇಳದ ಪಾಠಶಾಲೆಯೂ ಹೌದು. ಪ್ರೇಕ್ಷಕರು ಇನ್ನೂ ಕುರ್ಚಿ ಹಿಡಿಯುವ, ಚರುಮುರಿ ಕೊಳ್ಳುವ ಗಡಿಬಿಡಿಯಲ್ಲಿರುವಾಗ ರಂಗಸ್ಥಳದ ಮೇಲೆ ಹದಿಹರೆಯದ ಹುಡುಗನೊಬ್ಬ ಹಿಮ್ಮೇಳದ ಕಡೆಗೆ ಕಳ್ಳನೋಟ ಬೀರುತ್ತ ತಾಳ ಹುಡುಕಿಕೊಂಡು ಹೆಜ್ಜೆ ಹಾಕುತ್ತಿರುತ್ತಾನೆ, ಮತ್ತು ಅನುಭವಿ ಮದ್ದಳೆಗಾರ ಆತ ತಪ್ಪಿದಲ್ಲಿ ತನ್ನ ನುಡಿತವನ್ನು ತುಸು ಒತ್ತಿ ಹೇಳಿ ಅವನನ್ನು ದಾರಿಗೆ ತರುತ್ತಾನೆ. ದೀಪಾವಳಿಯ ಹೊತ್ತಿಗೆ ಹೀಗೆ ತಡವರಿಸಿದ್ದ ಅದೇ ಹುಡುಗ ಶಿವರಾತ್ರಿಯ ಸುಮಾರಿಗೆ ಕಣ್ಣು ಪ್ರೇಕ್ಷಕರ ಕಡೆಗಿಟ್ಟು ಕುಣಿಯುವುದನ್ನು ಕಾಣುವುದು ಇಡೀ ತಿರುಗಾಟದ ಅತಿ ದೊಡ್ಡ ಸಂತೋಷಗಳಲ್ಲೊಂದು. ಒಂದೇ ಆಟ ನೋಡಿದವನಿಗೆ ಇದು ಸಿಗುವುದಿಲ್ಲ, ಒಂದೇ ಮೇಳವನ್ನು ವರ್ಷವಿಡೀ ಹಿಂಬಾಲಿಸಿದವನಿಗೆ ಮಾತ್ರ ದಕ್ಕುತ್ತದೆ.

ಈಚಿನ ವರ್ಷಗಳಲ್ಲಿ ಪೂರ್ವರಂಗಕ್ಕೆ ಹೊತ್ತು ಕಡಿಮೆಯಾಗಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಗಳ ಬಳಕೆಗೆ ಮಿತಿ ಹಾಕುವ 2000ದ ಶಬ್ದಮಾಲಿನ್ಯ ನಿಯಮಗಳೂ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರ ಅನುಕೂಲವೂ ಸೇರಿ, ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳಲ್ಲಿ ಬಹುಪಾಲು ಈಗ ಸಂಜೆ ತೊಡಗಿ ನಡುರಾತ್ರಿಯ ಆಸುಪಾಸಿಗೆ ಮುಗಿಯುವ ಕಾಲಮಿತಿಯ ಪ್ರಯೋಗಗಳಾಗಿವೆ. ಇದರಿಂದ ಕಲಾವಿದರ ಆರೋಗ್ಯಕ್ಕೆ ಒಳಿತಾಗಿದೆ, ಮಕ್ಕಳೂ ವೃದ್ಧರೂ ಮುಕ್ತಾಯದವರೆಗೆ ಕುಳಿತು ನೋಡುವಂತಾಗಿದೆ; ಆದರೆ ಕತ್ತರಿ ಮೊದಲು ಬೀಳುವುದು ಕೋಡಂಗಿ ಬಾಲಗೋಪಾಲರ ಮೇಲೆ ಎಂಬುದು ಚಿಂತೆಯ ವಿಷಯ. ಯುದ್ಧದ ಸನ್ನಿವೇಶದಿಂದ ಕಾಲು ಗಂಟೆ ಕಳೆದರೆ ಕಥೆಗೆ ಕುಂದಿಲ್ಲ, ಪೂರ್ವರಂಗದಿಂದ ಕಾಲು ಗಂಟೆ ಕಳೆದರೆ ಮುಂದಿನ ತಲೆಮಾರಿನ ಕಲಿಕೆಯೇ ಕುಂದುತ್ತದೆ. ಮೇಳಗಳ ಯಜಮಾನರು ಈ ವಿಷಯದಲ್ಲಿ ಇನ್ನಷ್ಟು ಉದಾರಿಗಳಾಗುವುದು ಅಗತ್ಯ.

ಹಿಮ್ಮೇಳದ ಸಂತೋಷಗಳನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ, ಆದರೂ ಯತ್ನಿಸಲೇಬೇಕು. ಭಾಗವತ, ಮದ್ದಳೆ, ಚೆಂಡೆ, ಚಕ್ರತಾಳಗಳು ಸೇರಿದ ಗಾಯನ ವಾದನದ ಮಂಡಲವೇ ಹಿಮ್ಮೇಳ. ವೇಷ ಕಟ್ಟಿ ಕುಣಿದು ಮಾತಾಡುವವರು ಮುಮ್ಮೇಳ. ಪದ್ಯವನ್ನು ಭಾಗವತ ಎತ್ತಿಕೊಳ್ಳುವ ಬಗೆಗೆ ಎತ್ತುಗಡೆ ಎನ್ನುತ್ತಾರೆ. ರಂಗದಲ್ಲಿ ಮಾತು ಮುಗಿಯುವ ಕೊನೆಯ ಶಬ್ದದ ಶ್ರುತಿಯನ್ನೇ ಹಿಡಿದು, ನಡುವೆ ಉಸಿರಿನಷ್ಟೂ ಎಡೆಯಿಲ್ಲದಂತೆ ಪದ್ಯ ಎತ್ತುವ ಭಾಗವತನಿಂದ ಆಟದ ಆವರಣವೇ ಬದಲಾಗುತ್ತದೆ. 2023ರ ಫೆಬ್ರವರಿಯಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಏರುಶ್ರುತಿಯ ಹಾಡುಗಾರಿಕೆಯನ್ನು ಎದುರು ಕುಳಿತು ಕೇಳಿದವರು ಈಗಲೂ ಬಹಳ ಮಂದಿಯಿದ್ದಾರೆ. ಧ್ವನಿವರ್ಧಕಗಳಿಲ್ಲದ ಕಾಲದ ಬಯಲಾಟಕ್ಕೆ ಹೊಂದಿ ಬೆಳೆದ ಆ ಶೈಲಿಯಲ್ಲಿ ರಾಗವಿಸ್ತಾರಕ್ಕಿಂತ ಪದ್ಯದ ಅರ್ಥಕ್ಕೂ ಕುಣಿಯುವವನ ಕಾಲಿಗೂ ಮೊದಲ ಸ್ಥಾನವಿತ್ತು. ಇಂದಿನ ಕೆಲವು ಯುವ ಭಾಗವತರು ಸಂಗೀತ ಕಚೇರಿಯ ಆಲಾಪನೆಗೆ ಮನಸೋತು, ವೇಷಧಾರಿಯನ್ನು ರಂಗದ ಮೇಲೆ ಸುಮ್ಮನೆ ನಿಲ್ಲಿಸಿ ದೀರ್ಘವಾಗಿ ಹಾಡುತ್ತಾರೆ. ಚಪ್ಪಾಳೆ ಬರುತ್ತದೆ, ಆಟ ನಿಂತುಹೋಗುತ್ತದೆ. ಹಾಗಿರುವಾಗ ಯಾವುದೋ ಊರಿನ ಹರಕೆಯಾಟದಲ್ಲಿ ಹೆಸರು ಕೇಳಿರದ ಭಾಗವತನೊಬ್ಬ ಝಂಪೆತಾಳದ ಪದ್ಯವೊಂದನ್ನು ಭೈರವಿಯಲ್ಲಿ ಎಲ್ಲೂ ಎಳೆಯದೆ, ಎಲ್ಲೂ ತುಂಡರಿಸದೆ, ಪ್ರತಿ ಅಕ್ಷರ ಕಿವಿಗೆ ಮುಟ್ಟುವಂತೆ ಹಾಡಿ ಮುಗಿಸಿದರೆ ರಸಿಕನಿಗೆ ಆ ರಾತ್ರಿಯ ಪ್ರಯಾಣ ಸಾರ್ಥಕವೆನಿಸುತ್ತದೆ. ಹರಕೆಯಾಟವೆಂದರೆ ಭಕ್ತರು ತಮ್ಮ ಇಷ್ಟಾರ್ಥ ನೆರವೇರಿದ್ದಕ್ಕೆ ದೇವಸ್ಥಾನದ ಮೇಳದಿಂದ ಆಡಿಸುವ ಆಟ. ಕಟೀಲು, ಮಂದಾರ್ತಿಗಳಂಥ ಕ್ಷೇತ್ರಗಳು ಈ ಬೇಡಿಕೆಯನ್ನು ಪೂರೈಸಲು ಒಂದಕ್ಕಿಂತ ಹೆಚ್ಚು ಮೇಳಗಳನ್ನು ನಡೆಸುತ್ತವೆ. ಆಟ ನೋಡಲು ಟಿಕೆಟ್ಟಿಲ್ಲ, ಆಡಿಸುವ ಮನೆಯವರೇ ಬಂದವರಿಗೆಲ್ಲ ಊಟ ಬಡಿಸುವುದೂ ಉಂಟು.

ಪುಂಡುವೇಷದ ಕುರಿತು ಹೆಚ್ಚು ಹೇಳಬೇಕಿಲ್ಲ. ಅಭಿಮನ್ಯು, ಬಭ್ರುವಾಹನ, ಚಂಡಮುಂಡರಂಥ ತರುಣ ವೀರರ ಈ ವೇಷಗಳಲ್ಲಿ ಗಾಳಿಯಲ್ಲಿ ತಿರುಗಿ ನೆಲ ಮುಟ್ಟುವ ದಿಗಿಣಗಳನ್ನು ಪ್ರೇಕ್ಷಕರು ಎಣಿಸುತ್ತಾರೆ, ಎಣಿಕೆ ಏರಿದಂತೆ ಶಿಳ್ಳೆಯೂ ಏರುತ್ತದೆ. ಎಣಿಕೆಗೆ ಸಿಗುವುದೆಲ್ಲ ವರ್ಷಾಂತ್ಯಕ್ಕೆ ಮರೆತುಹೋಗುತ್ತದೆ. ನೆನಪಿನಲ್ಲಿ ಉಳಿಯುವುದು ಚಕ್ರವ್ಯೂಹಕ್ಕೆ ಹೊರಟ ಅಭಿಮನ್ಯು ತಾಯಿ ಸುಭದ್ರೆಯ ಕಡೆಗೆ ಬೆನ್ನು ತಿರುಗಿಸುವ ಮೊದಲು ನಿಂತ ಒಂದು ನಿಲುವು.

ಪತ್ತನಾಜೆಯಾಗಿ ಮಳೆ ಹಿಡಿದ ಮೇಲೆ ರಸಿಕನ ವರ್ಷದ ಎರಡನೆಯ ಅರ್ಧ ತೆರೆದುಕೊಳ್ಳುತ್ತದೆ. ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ, ಕೆಲವು ಮೇಳಗಳು ಈ ಅವಧಿಯಲ್ಲಿ ಬೆಂಗಳೂರಿನ ರಂಗಮಂದಿರಗಳಿಗೆ ಬರುತ್ತವೆ, ಕಲಾವಿದರ ತಂಡಗಳು ಮುಂಬಯಿಯ ತುಳು ಕನ್ನಡಿಗರ ಆಹ್ವಾನದ ಮೇಲೆ ಅಲ್ಲಿಗೂ ಹೋಗುತ್ತವೆ. ಊರಿನಲ್ಲಿ ಚಿಕ್ಕಮೇಳಗಳು ಸಂಜೆಯ ನಂತರ ಮನೆಮನೆಗೆ ಬಂದು, ದೀಪ ಹಚ್ಚಿಟ್ಟ ಜಗಲಿಯಲ್ಲಿ ಎರಡು ವೇಷಗಳಿಂದ ಪುರಾಣದ ಒಂದು ತುಣುಕನ್ನು ಆಡಿ, ಕಾಣಿಕೆ ಪಡೆದು ಮುಂದಿನ ಮನೆಗೆ ನಡೆಯುತ್ತವೆ. ಮನೆಯಂಗಳದಲ್ಲಿ ಗೆಜ್ಜೆಯ ಸದ್ದು ಕೇಳಿದರೆ ಶುಭವೆಂಬ ನಂಬಿಕೆ ಬಲವಾಗಿದೆ.

ಮಳೆಗಾಲದ ನಿಜವಾದ ಸಂಪತ್ತು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಹಿಮ್ಮೇಳದ ಇಕ್ಕೆಲಗಳಲ್ಲಿ ಪಂಚೆ ಶಲ್ಯಗಳಲ್ಲಿ ಕುಳಿತ ಅರ್ಥಧಾರಿಗಳು, ಭಾಗವತ ಹಾಡಿದ ಪದ್ಯದ ಆಶಯವನ್ನು ತಮ್ಮ ಪಾತ್ರದ ನೆಲೆಯಿಂದ ಆಶುವಾಗಿ ಗದ್ಯದಲ್ಲಿ ಬೆಳೆಸುತ್ತಾರೆ. ಬರೆದಿಟ್ಟ ಮಾತಿಲ್ಲ, ಎದುರಾಳಿ ಏನು ಹೇಳುವನೆಂಬುದು ಮೊದಲೇ ತಿಳಿದಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಕಲೆಯನ್ನು ಪಾಂಡಿತ್ಯದ ಎತ್ತರಕ್ಕೆ ಒಯ್ದವರಲ್ಲಿ ಪ್ರಮುಖರು. ವಾಲಿ, ರಾವಣ, ಮಾಗಧರಂಥ ಪ್ರತಿನಾಯಕರ ವಾದಕ್ಕೆ ಅವರು ತಂದುಕೊಟ್ಟ ಘನತೆಯನ್ನು ಇಂದಿನ ಅರ್ಥಧಾರಿಗಳು ತಿಳಿದೋ ತಿಳಿಯದೆಯೋ ಮುಂದುವರಿಸುತ್ತಿದ್ದಾರೆ. ವಾಲಿಮೋಕ್ಷವನ್ನೇ ಉದಾಹರಣೆಗೆ ತೆಗೆದುಕೊಂಡರೆ, ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುವ ಸಂದರ್ಭವನ್ನು ಒಬ್ಬ ಅರ್ಥಧಾರಿ ರಾಜಧರ್ಮದ ಚರ್ಚೆಯಾಗಿ ಬೆಳೆಸುತ್ತಾನೆ, ಇನ್ನೊಬ್ಬ ಅದನ್ನೇ ಅಣ್ಣತಮ್ಮಂದಿರ ಮುರಿದ ಸಂಬಂಧದ ನೋವಾಗಿ ತಿರುಗಿಸುತ್ತಾನೆ, ಮತ್ತೊಬ್ಬ ತಾರೆಯ ಎಚ್ಚರಿಕೆಯನ್ನು ಲೆಕ್ಕಿಸದೆ ಬಂದ ತನ್ನ ದುಡುಕನ್ನು ಮೊದಲು ಒಪ್ಪಿಕೊಂಡು ಆಮೇಲೆ ಬಾಣದ ಪ್ರಶ್ನೆಗೆ ಬರುತ್ತಾನೆ. ಒಂದೇ ಪ್ರಸಂಗವನ್ನು ಒಂದೇ ಆಷಾಢದಲ್ಲಿ ಬೇರೆ ಬೇರೆ ಕೂಟಗಳಲ್ಲಿ ಕೇಳಿದವನಿಗೆ ಕಥೆಯ ಅಂತ್ಯ ಗೊತ್ತಿದ್ದರೂ ಕುತೂಹಲ ಒಂದಿಷ್ಟೂ ತಗ್ಗುವುದಿಲ್ಲ, ಏಕೆಂದರೆ ರಾಮನ ಉತ್ತರ ಪ್ರತಿ ಸಲವೂ ಆ ದಿನದ ವಾಲಿ ಎಸೆದ ಪ್ರಶ್ನೆಯಿಂದಲೇ ಹುಟ್ಟಬೇಕು. ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕುವ ಜಾಣತನಕ್ಕೆ ಸಭೆ ಕೂಡಲೇ ತಲೆದೂಗುತ್ತದೆ. ಆದರೆ ಎದುರಾಳಿಯ ಒಳ್ಳೆಯ ಮಾತಿಗೆ ಪಾತ್ರದೊಳಗಿದ್ದುಕೊಂಡೇ ಮಣಿದು, ಕೆಲಹೊತ್ತು ಸುಮ್ಮನಿದ್ದು, ಭಾಗವತನಿಗೆ ಪದ್ಯಕ್ಕೆ ಅವಕಾಶ ಮಾಡಿಕೊಡುವ ಅರ್ಥಧಾರಿ ಅದಕ್ಕಿಂತ ದೊಡ್ಡವನು. ಅಂಥ ಮೌನಗಳು ಒಂದು ಮಳೆಗಾಲದಲ್ಲಿ ಬೆರಳೆಣಿಕೆಯಷ್ಟು ಸಿಕ್ಕರೂ ಅದು ಭಾಗ್ಯವೇ.

ಇಂಥ ಸಂಗತಿಗಳನ್ನು ಬರೆದಿಡುವ ಅಭ್ಯಾಸ ಹಳೆಯ ರಸಿಕರಲ್ಲಿ ಕೆಲವರಿಗಿತ್ತು. ಆಟದ ತಾರೀಕು, ಊರು, ಪ್ರಸಂಗ, ಹಿಮ್ಮೇಳದವರ ಹೆಸರು, ಯಾವ ವೇಷ ಯಾರದು ಎಂಬಷ್ಟನ್ನು ಹಳೆಯ ಡೈರಿಗಳಲ್ಲಿ ಗುರುತು ಹಾಕುತ್ತಿದ್ದರು. ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ದಂಥ ಮಹತ್ವದ ಗ್ರಂಥವನ್ನು ರಚಿಸಿ ಅದಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು, ಆದರೆ ಕಲೆಯ ದೈನಿಕ ಚರಿತ್ರೆಯನ್ನು ಗ್ರಂಥಗಳಷ್ಟೇ ಹೊರಲಾರವು. ಪತ್ರಿಕೆಗಳಲ್ಲಿ ಬರುವ ಇಂದಿನ ಆಟಗಳ ಪಟ್ಟಿಯಲ್ಲಿ ಮೇಳದ ಹೆಸರೂ ಆಟದ ಸ್ಥಳವೂ ಇರುತ್ತವೆ, ಕೋಡಂಗಿ ಕುಣಿದ ಹುಡುಗನ ಹೆಸರು ಇರುವುದಿಲ್ಲ. ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸುವ ಈ ಕಾಲದಲ್ಲಿಯೂ ಕ್ಯಾಮರಾಗಳು ತೆರೆದುಕೊಳ್ಳುವುದು ಏರುಪದ್ಯಕ್ಕೆ, ಅಂದರೆ ವೀರಾವೇಶದ ವೇಗದ ಹಾಡಿಗೆ, ಪೂರ್ವರಂಗಕ್ಕಲ್ಲ. ಆ ಹುಡುಗನ ಹೆಸರನ್ನು ಕೇಳಿ ಬರೆದುಕೊಂಡವನಿಗೆ, ಆತ ಕೆಲವು ತಿರುಗಾಟಗಳ ನಂತರ ಪುಂಡುವೇಷಕ್ಕೂ ಆಮೇಲೆ ಪೀಠಿಕೆಯ ವೇಷಕ್ಕೂ, ಅಂದರೆ ಪ್ರಧಾನ ರಾಜವೇಷಕ್ಕೂ, ಏರುವಾಗ ಸಿಗುವ ತೃಪ್ತಿಯಲ್ಲಿ ಬೇರಾರಿಗೂ ಪಾಲಿಲ್ಲ.

ಮುಂದಿನ ದೀಪಾವಳಿಯ ನಂತರ ಆಟಕ್ಕೆ ಹೊರಡುವವರು, ಕೇಳಿ ಬಾರಿಸುವ ಹೊತ್ತಿಗೆ, ಅಂದರೆ ಚೆಂಡೆ ಮದ್ದಳೆಗಳನ್ನು ನುಡಿಸಿ ಊರಿಗೆ ಆಟದ ಸುದ್ದಿ ಮುಟ್ಟಿಸುವ ಹೊತ್ತಿಗೇ, ಬಯಲು ತಲುಪುವುದು ಒಳ್ಳೆಯದು. ಚೌಕಿಯ ಪೂಜೆಗೆ ನಿಂತು, ಬಣ್ಣದ ವೇಷದವರ ಕೆಲಸಕ್ಕೆ ಅಡ್ಡಿಯಾಗದಂತೆ ದೂರದಿಂದ ನೋಡಿ, ಆಮೇಲೆ ಮುಂದಿನ ಸಾಲಿನ ಮಧ್ಯದ ಕುರ್ಚಿಗಳನ್ನು ಬಿಟ್ಟು, ಮದ್ದಳೆಗಾರನ ಕೈ ಚೆನ್ನಾಗಿ ಕಾಣುವಂಥ ಒಂದು ಬದಿಯಲ್ಲಿ ಜಾಗ ಹಿಡಿಯಬೇಕು.