ಅಕ್ಕನ ಕೇಶಾಂಬರ, ಹಾಸನದ ಪೆನ್‌ಡ್ರೈವ್ ಮತ್ತು ಸಮ್ಮತಿ ಎಂಬ ಪದ

ನಾನು ಉಮರ್ಗಾದಿಂದ ಮಾತಾಡ್ತಿದ್ದೇನೆ. ಇಲ್ಲಿಂದ ಬಸವಕಲ್ಯಾಣ ಹತ್ತಿರ, ಹಾಗಾಗಿ ಅಕ್ಕಮಹಾದೇವಿ ನಮಗೆ ಬರೀ ಪಠ್ಯಪುಸ್ತಕದವಳಲ್ಲ. ಸೈಬರ್ ಅಪರಾಧ ಮತ್ತು ಮಹಿಳೆ ಎಂಬ ವಿಷಯ ಬಂದರೆ ನಮ್ಮ ಪ್ರಬಂಧಗಳಲ್ಲಿ ಅಕ್ಕ ಬಂದೇ ಬರುತ್ತಾಳೆ. ಉಡುಗೆ ತೊರೆದು ಕೌಶಿಕನನ್ನು ಬಿಟ್ಟು ನಡೆದವಳಿಗೆ ಲೋಕದ ಕಣ್ಣಿನ ಭಯವಿರಲಿಲ್ಲ, ಇಂದಿನ ಹೆಣ್ಣಿಗೂ ಆ ಧೈರ್ಯ ಬೇಕು ಎಂಬುದು ವಾದ. ಈ ಓದನ್ನು ನಾನು ಒಪ್ಪುವುದಿಲ್ಲ. ಅಕ್ಕ ಉಡುಗೆ ಬಿಟ್ಟದ್ದು ತನ್ನ ನಿರ್ಧಾರದಿಂದ. ಯಾರದೋ ಮೊಬೈಲಿನಿಂದ ಊರೆಲ್ಲ ಹರಡಿದ ಚಿತ್ರದಲ್ಲಿರುವವಳಿಗೆ ಆ ನಿರ್ಧಾರವೇ ಇರಲಿಲ್ಲ. ಎರಡನ್ನೂ ‘ಬೆತ್ತಲೆ’ ಎಂಬ ಒಂದೇ ಪದದ ಕೆಳಗೆ ತಂದರೆ ಹರಡಿದವನು ಪ್ರಬಂಧದಿಂದ ಮಾಯವಾಗುತ್ತಾನೆ, ಧೈರ್ಯ ತೋರಿಸುವ ಹೊಣೆ ಮಾತ್ರ ಅವಳಿಗೆ ಉಳಿಯುತ್ತದೆ.

ಶೂನ್ಯಸಂಪಾದನೆಯಲ್ಲಿ ಅಲ್ಲಮ ಅವಳನ್ನು ಕೇಶದ ಮರೆಯ ಬಗ್ಗೆ ಕೇಳುತ್ತಾನೆ. ಪ್ರಶ್ನೆ ಕಠಿಣ, ಆದರೆ ಎದುರೇ ನಿಂತು ಕೇಳಿದ್ದು. ಉತ್ತರವನ್ನು ಸಭೆ ಕೇಳಿಸಿಕೊಳ್ಳುತ್ತದೆ. (ಅಲ್ಲಮನನ್ನೇ ಟ್ರೋಲ್ ಮಾಡುವವರ ಸಾಲಿಗೆ ಸೇರಿಸುವವರೂ ಇದ್ದಾರೆ. ಅದು ಅತಿಯಾಯ್ತು.)

ಕಾನೂನನ್ನೂ ಒಂದು ಪಠ್ಯವಾಗಿ ಓದೋಣ. 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಅಶ್ಲೀಲತೆಯ ಕುರಿತದ್ದು. ಅಲ್ಲಿ ಕಾಳಜಿ ನೋಡುವವರ ಮನಸ್ಸು ಕೆಡುತ್ತದೆ ಎಂಬುದು. 2008ರ ತಿದ್ದುಪಡಿಯಲ್ಲಿ ಬಂದ 66ಇ ಕಲಮು ಚಿತ್ರದಲ್ಲಿರುವ ವ್ಯಕ್ತಿಯ ಸಮ್ಮತಿಯನ್ನು ಕೇಳುತ್ತದೆ. ಸೆರೆಹಿಡಿಯುವುದಷ್ಟೇ ಅಲ್ಲ, ಪ್ರಕಟಿಸುವುದು, ರವಾನಿಸುವುದೂ ಅದರಲ್ಲಿ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಇನ್ನೂ ಸೂಕ್ಷ್ಮ: ಖಾಸಗಿ ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ, ಹಂಚಿದ್ದು ಅಪರಾಧ. ‘ಫೋಟೊ ತೆಗೆಯೋಕೆ ಬಿಟ್ಟಿದ್ಯಾಕೆ?’ ಎಂಬ ಪ್ರಶ್ನೆಗೆ ಇಲ್ಲಿ ಜಾಗವೇ ಇಲ್ಲ.

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಮತದಾನಕ್ಕೆ ಮುಂಚೆ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಡಿದವು. ಹೆಂಗಸರ ಮುಖಗಳನ್ನು ಮರೆಮಾಡಿರಲಿಲ್ಲ. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಪ್ರಜ್ವಲ್ ರೇವಣ್ಣ ಅಪರಾಧಿ ಎಂದಿತು; ಅತ್ಯಾಚಾರದ ಜೊತೆಗೆ 66ಇ ಕೂಡ ಅದರಲ್ಲಿತ್ತು. ಮರುದಿನ ಜೀವಾವಧಿ ಶಿಕ್ಷೆ. ಪೆನ್‌ಡ್ರೈವ್ ಹಂಚಿದ್ದು ಬೇರೆಯದೇ ಪ್ರಕರಣ. ಬಂದದ್ದನ್ನು ‘ನೋಡಿದ್ಯಾ?’ ಅಂತ ಮುಂದಕ್ಕೆ ಕಳಿಸಿದವರು ಮಾತ್ರ ತಮ್ಮನ್ನು ಬರೀ ಪ್ರೇಕ್ಷಕರು ಅಂದುಕೊಂಡೇ ಉಳಿದರು. ರಾಜಕೀಯ ಚರ್ಚೆಯಲ್ಲಿ ಅವರ ಮಾತು ಬರಲೇ ಇಲ್ಲ ಅನ್ನಬೇಕು.

ಉಮರ್ಗಾ, ನಿಲಂಗಾ, ಉದಗೀರ ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಇಂಥ ಘಟನೆಗೆ ಎರಡರಲ್ಲೂ ಪದಗಳಿಗೆ ಬರವಿಲ್ಲ: ಮಾನ, ಮರ್ಯಾದಿ, ಅಬ್ರು, ಇಜ್ಜತ್, ಬದನಾಮಿ. ಎಲ್ಲವೂ ಹೋಗುವುದು ಅವಳದೇ. ಸಮ್ಮತಿಯೂ ಎರಡು ಭಾಷೆಗೂ ಗೊತ್ತಿರುವ ಪದವೇ. ಆದರೆ ನಮ್ಮ ಕಡೆ ಅದು ಕೇಳಿಬರುವುದು ಲಗ್ನದ ಮಾತುಕತೆಯಲ್ಲಿ: ‘ಹುಡುಗಿ ಒಪ್ಪಿಗಿ ಅದಾ?’ ಅದನ್ನೂ ಕೇಳೋದು ಅವಳ ಅಪ್ಪನನ್ನೇ.

ನನ್ನ ಪ್ರಬಂಧದಲ್ಲಿ ‘ಅಶ್ಲೀಲ ವಿಡಿಯೊ’ ಎಂಬ ಪದವನ್ನು ಬಿಟ್ಟು, ಎಲ್ಲ ಕಡೆ ‘ಸಮ್ಮತಿಯಿಲ್ಲದೆ ಹರಡಿದ ಚಿತ್ರ’ ಎಂದು ಬರೆದಿದ್ದೇನೆ. ಉದ್ದ ಆಯ್ತಲ್ಲಮ್ಮ ಅಂದರು ಮಾರ್ಗದರ್ಶಕರು. ಇರಲಿ ಸರ್ ಅಂದೆ. ಪ್ರಶ್ನೆಗಳಿದ್ದರೆ ಕೇಳಬಹುದು.