ಮೀಟಿದ ಮೇಲೆ ಉಳಿಯುವ ನಾದ

ಚೈತ್ರ ಬಂತೆಂದರೆ ಬೆಂಗಳೂರಿನ ಸಂಗೀತಪ್ರಿಯರ ಸಂಜೆಗಳು ಪೆಂಡಾಲಿನಲ್ಲೇ ಕಳೆಯುತ್ತವೆ. ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶುರುಮಾಡಿದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು ಊರಿಗೇ ಆ ರೂಢಿ ಹಿಡಿಸಿದವು. ಈಗ ಎಷ್ಟೋ ಬಡಾವಣೆಗಳಲ್ಲಿ ಪಾನಕ, ಕೋಸಂಬರಿಯ ಜೊತೆಗೆ ಕಚೇರಿಯೂ ಇರುತ್ತದೆ. ಅಂಥ ಒಂದು ಪೆಂಡಾಲಿನಲ್ಲಿ ಶನಿವಾರ ಸಂಜೆ ವೀಣೆ ಕೇಳಿದೆ. ಭಾನುವಾರ ಒಂದು ಸಣ್ಣ ಚಿತ್ರಮಂದಿರದಲ್ಲಿ ‘ಘಟಶ್ರಾದ್ಧ’ ನೋಡಿದೆ. ಎರಡೂ ಕಡೆ ನಾನು ಕಿವಿಯನ್ನೇ ನಂಬಿ ಹೋಗಿದ್ದೆ.

ಪೆಂಡಾಲಿನ ಹೆಸರು ಬೇಡ. ಅಲ್ಲಿ ಕಂಡ ಮೈಕಿನ ಕಾಯಿಲೆ ಒಂದೇ ಕಡೆಯದಲ್ಲ. ವೈಣಿಕರು ಭೈರವಿಯನ್ನು ಎತ್ತಿಕೊಂಡರು. ಕೈ ಒಳ್ಳೆಯ ಕೈ, ಅವಸರವಿಲ್ಲದ ಮನಸ್ಸು. ಆದರೆ ವೀಣೆಯ ಕೊಡಕ್ಕೆ ಅಂಟಿಸಿದ ಕಾಂಟ್ಯಾಕ್ಟ್ ಮೈಕು ಮೊದಲ ಮೀಟಿನಿಂದಲೇ ಕಂಚಿನ ತಟ್ಟೆಗೆ ಬಡಿದಂತೆ ಕೂಗಿತು. ವೀಣೆಯ ಜೀವ ಇರುವುದು ಮೀಟಿನಲ್ಲಲ್ಲ, ಮೀಟಿದ ಮೇಲೆ ಉಳಿಯುವ ನಾದದಲ್ಲಿ. ಎಡಗೈ ಬೆರಳು ತಂತಿಯನ್ನು ಮೆಟ್ಟಿಲಿನ ಮೇಲೆ ಎಳೆದು, ಆರುತ್ತಿರುವ ಆ ನಾದದಿಂದಲೇ ಇನ್ನೊಂದೆರಡು ಸ್ವರ ಹೊರಡಿಸಬೇಕು. ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಿಕೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶನಿವಾರ ಮೀಟಿನ ಟಣತ್ಕಾರ ಕೇಳಿಸಿತು, ಗಮಕ ಕೇಳಿಸಲಿಲ್ಲ. ಅನುಮಂದ್ರದ ತಂತಿಗೆ ಇಳಿದಾಗಲಂತೂ ಕೇಳಿಸಿದ್ದು ಬರೀ ಗುಂಯ್‌ಗುಡುವಿಕೆ.

ಮೃದಂಗ, ಘಟ ಸೇರಿಕೊಂಡ ಮೇಲೆ ಇನ್ನೂ ಕಷ್ಟವಾಯಿತು. ವೇದಿಕೆಯ ಮೇಲೆ ತಮ್ಮತ್ತ ತಿರುಗಿಸಿದ ಸ್ಪೀಕರು ತೋರಿಸಿ ‘ಫೀಡ್‌ಬ್ಯಾಕ್ ಜಾಸ್ತಿ ಮಾಡಿ’ ಎಂದು ವೈಣಿಕರು ಕೈಸನ್ನೆ ಮಾಡಿದರು. ಅವರಿಗೆ ಹೆಚ್ಚಿದ್ದು ಕಂಡು ಮೃದಂಗದವರೂ ಕೇಳಿದರು, ಆಮೇಲೆ ಘಟದವರು. ತನಿ ಆವರ್ತನದ ಹೊತ್ತಿಗೆ ನನ್ನ ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದರು. ಘಟ ಎಂಬ ಮಣ್ಣಿನ ಪಾತ್ರೆಯ ಸೊಗಸೇ ಅದರ ತೆಳು ದನಿ, ಬೆರಳ ತುದಿಯ ಕಿಣಿಕಿಣಿ. ಅದನ್ನು ಡ್ರಮ್ಮಿನಂತೆ ಗುದ್ದಿಸಿದರೆ ವಾದಕರ ಲೆಕ್ಕಾಚಾರ ಎಷ್ಟು ಸೂಕ್ಷ್ಮವಾಗಿದ್ದು ಏನು ಬಂತು?

ಮೈಕನ್ನೇ ಬೈಯುವುದು ನನ್ನ ಉದ್ದೇಶವಲ್ಲ. ಮೈಕು ಬರುವ ಮೊದಲು ಕೊನೆಯ ಸಾಲಿಗೆ ಮುಟ್ಟಬೇಕಾದರೆ ಏರುಶ್ರುತಿಯ ಕಂಠವೇ ಬೇಕಿತ್ತು. ತಗ್ಗಿದ ಕಂಠಕ್ಕೆ, ಮೆಲುದನಿಯ ಭಾವಕ್ಕೆ ವೇದಿಕೆ ಕೊಟ್ಟಿದ್ದೇ ಮೈಕು. ಮೆಲ್ಲಗಿದ್ದುದನ್ನು ಮೆಲ್ಲಗಿರುವಂತೆಯೇ ದೂರಕ್ಕೆ ಒಯ್ಯುವುದು ಅದರ ಕೆಲಸ. ನಮ್ಮ ಪೆಂಡಾಲುಗಳಲ್ಲಿ ಹೊರಗಿನ ಬಸ್ಸು, ಆಟೋಗಳ ಸದ್ದನ್ನು ಸೋಲಿಸುವುದೇ ಅದರ ಕೆಲಸವಾಗಿಬಿಟ್ಟಿದೆ.

ಈ ಬೇಸರ ಹೊತ್ತುಕೊಂಡೇ ಮರುದಿನ ‘ಘಟಶ್ರಾದ್ಧ’ಕ್ಕೆ ಹೋದೆ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಮೊದಲ ಕಥಾಚಿತ್ರ, ಸ್ವರ್ಣಕಮಲ ಪಡೆದದ್ದು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ಪುನರುಜ್ಜೀವನಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಿಂದೆ ಟೀವಿಯಲ್ಲಿ, ಸವೆದ ಪ್ರತಿಯಲ್ಲಿ ನೋಡಿದ್ದ ನನಗೆ ಛಾಯಾಗ್ರಾಹಕ ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪಿನ ನೆರಳುಗಳಲ್ಲಿ ಇಷ್ಟೊಂದು ಬಗೆಗಳಿವೆ ಎಂಬುದೇ ತಿಳಿದಿರಲಿಲ್ಲ.

ಚಿತ್ರಕ್ಕೆ ಸಂಗೀತ ಬಿ.ವಿ. ಕಾರಂತರದು. ಎರಡು ವರ್ಷ ಮೊದಲು ‘ಹಂಸಗೀತೆ’ಗೆ ಬಾಲಮುರಳಿಕೃಷ್ಣರ ಜೊತೆ ಸಂಗೀತ ಕೊಟ್ಟವರು ಇಲ್ಲಿ ಬೇರೆಯದೇ ದಾರಿ ಹಿಡಿದರು. ಹುಡುಗರ ವೇದಪಾಠದ ದನಿ ಎಷ್ಟು ಹೊತ್ತು ಬೇಕೋ ಅಷ್ಟೇ ಇರುತ್ತದೆ, ನಿಲ್ಲುತ್ತದೆ. ನಿಂತ ಕೂಡಲೇ ಪಾಠಶಾಲೆ ನಡೆಯುವ ಆ ಮನೆಯ ಖಾಲಿತನ ಕೇಳಿಸತೊಡಗುತ್ತದೆ. ಅಪ್ಪನ ಪಾಠಶಾಲೆಯಲ್ಲೇ ಬದುಕುವ ವಿಧವೆ ಯಮುನಾ ಗರ್ಭಿಣಿಯಾದ ಸಂಗತಿ ಮಾತಿನಲ್ಲಿ ಬರುವುದಕ್ಕಿಂತ ಮುಂಚೆ ಜನರ ಪಿಸುಗುಟ್ಟುವಿಕೆಯಲ್ಲಿ, ಅವಳ ಮೌನದಲ್ಲಿ ಬರುತ್ತದೆ. ಅದನ್ನೆಲ್ಲ ಪಾಠಶಾಲೆಯ ಪುಟ್ಟ ವಿದ್ಯಾರ್ಥಿ ನಾಣಿ ಅರ್ಥವಾಗದೆ ಕೇಳಿಸಿಕೊಳ್ಳುತ್ತಾನೆ, ನಾವು ಅರ್ಥಮಾಡಿಕೊಂಡು ಕೇಳಿಸಿಕೊಳ್ಳುತ್ತೇವೆ. ಯಮುನಾಳ ಪ್ರಿಯಕರನಾದ ಶಾಲಾ ಮೇಷ್ಟ್ರ ಪಾತ್ರ ತೀರಾ ನೆರಳಾಗಿಬಿಟ್ಟಿತು ಎಂಬ ತಕರಾರು ನನಗೆ ಮೊದಲಿನಿಂದ ಇದೆ, ಈ ಸಲವೂ ಹೋಗಲಿಲ್ಲ. ಆದರೆ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಕಳಚಿಕೊಳ್ಳುವ ಆ ವಿಧಿಯ ನಂತರ, ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಾ, ಅಪ್ಪನ ಹಿಂದೆ ಊರು ಬಿಟ್ಟು ಹೊರಟ ನಾಣಿ: ಅಲ್ಲಿ ಮಂದಿರದಲ್ಲಿ ಯಾರೂ ಕೆಮ್ಮಲಿಲ್ಲ. ಯಮುನಾ ಆಗಿ ನಟಿಸಿದ ಮೀನಾ ಕುಟ್ಟಪ್ಪ ಅವರ ಆ ಮುಖ ಮನೆಗೆ ಬಂದ ಮೇಲೂ ಬಿಡಲಿಲ್ಲ.

ಭೈರವಿಯಲ್ಲಿ ನನಗೆ ಸಿಗದೆ ಹೋದದ್ದು ಈ ಚಿತ್ರದಲ್ಲಿ ಸಿಕ್ಕಿತು. ಅರ್ಧ ಶತಮಾನದ ಹಿಂದೆ, ಇವತ್ತಿನ ಸಲಕರಣೆ ಒಂದೂ ಇಲ್ಲದೆ ಮಾಡಿದ ಚಿತ್ರ ಸಣ್ಣ ದನಿಯನ್ನು ಸಣ್ಣದಾಗಿಯೇ ಕೊನೆಯ ಸಾಲಿಗೆ ಮುಟ್ಟಿಸಿತು. ಎದುರಿಗೇ ಕೂತು ನುಡಿಸಿದ ವೀಣೆ ಮುಟ್ಟಲಿಲ್ಲ. ತಪ್ಪು ಕಲಾವಿದರದೂ ಹೌದು, ಸಂಘಟಕರದೂ ಹೌದು, ‘ಸೌಂಡು ಚೆನ್ನಾಗಿತ್ತು’ ಎಂದು ಹೇಳಿ ಎದ್ದುಬರುವ ನಮ್ಮದೂ ಹೌದು.

ಸಂಘಟಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ರಾಮನವಮಿಗೆ ಒಂದೇ ಒಂದು ಸಂಜೆ ವೀಣೆಯನ್ನು ಪೆಂಡಾಲಿನಿಂದ ಒಳಗೆ ತನ್ನಿ. ಶಾಲೆಯ ಕೊಠಡಿಯಾದರೂ ಸಾಕು, ನೂರು ಜನ ಕೂತರೆ ಸಾಕು. ಫ್ಯಾನು ಆರಿಸಿ, ಮೈಕು ತೆಗೆದಿಡಿ. ಬೆವರಿಕೊಂಡೇ ಕೇಳುತ್ತೇವೆ.