ಮೂರು ಮಡಕೆಯ ಕಂಬ

ಬೆಂಗಳೂರಿನ ಬಾಲ್ಕನಿಗಳಲ್ಲಿ ಒಂದರ ಮೇಲೊಂದು ಕೂತ ಮೂರು ಮಣ್ಣಿನ ಮಡಕೆಗಳನ್ನು ಕಂಡಾಗಲೆಲ್ಲ ಕುಂಬಾರರ ಕೈಗೆ ಮನಸ್ಸು ಬಾಗುತ್ತದೆ. ಪೂನಂ ಬೀರ್ ಕಸ್ತೂರಿ 2006ರಲ್ಲಿ ಇದೇ ಊರಿನಲ್ಲಿ ಆರಂಭಿಸಿದ ಡೈಲಿ ಡಂಪ್ ಸಂಸ್ಥೆ ಮನೆಮನೆಗೆ ತಂದ, ಅಡುಗೆಮನೆಯ ಕಸವನ್ನು ಗೊಬ್ಬರವಾಗಿಸುವ 'ಕಂಬ' ಇದು.

ಮೆರುಗು ಹಚ್ಚದ ಮಣ್ಣೇ ಇದರ ಜೀವಾಳ. ಹಸಿ ಕಸದ ನೀರನ್ನು ಗೋಡೆ ಹೀರಿಕೊಂಡು ಮೆಲ್ಲಗೆ ಗಾಳಿಗೆ ಬಿಡುತ್ತದೆ. ಪಕ್ಕದ ತೂತುಗಳಿಂದ ಉಸಿರು ಒಳಹೋಗುತ್ತದೆ. ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು, ಕಾಫಿ ಚರಟ, ಬಾಡಿದ ಪೂಜೆಯ ಹೂವು. ಅದರ ಮೇಲೊಂದು ಹಿಡಿ ತೆಂಗಿನ ನಾರಿನ ಪುಡಿ, ಇಲ್ಲವೇ ತರಗೆಲೆ. ಈ ಒಣ ಪದರದ್ದೇ ದೊಡ್ಡ ಕೆಲಸ. ಹಸಿಗೆ ಬೇಕಾದ ಇಂಗಾಲ ಅದರಿಂದ ಬರುತ್ತದೆ, ಗಾಳಿ ಓಡಾಡಲು ಸಂದೂ ಸಿಗುತ್ತದೆ. ಹುಳಿ ಮಜ್ಜಿಗೆ ಚಿಮುಕಿಸುವವರೂ ಉಂಟು. ಕೆಲವು ದಿನಗಳಲ್ಲಿ ರಾಶಿಯೊಳಗೆ ಕೈಯಿಟ್ಟರೆ ಬೆಚ್ಚಗೆ! ಬೆಂಕಿಯಿಲ್ಲದೆ, ಬರೀ ಸೂಕ್ಷ್ಮಜೀವಿಗಳ ಊಟದಿಂದ ಹುಟ್ಟಿದ ಬಿಸಿ ಅದು.

ಮೇಲಿನದು ತುಂಬಿದರೆ ಕೆಳಗಿಳಿಸಿ, ಖಾಲಿಯದನ್ನು ಮೇಲೇರಿಸುವುದು. ಕೆಲ ತಿಂಗಳಲ್ಲಿ ಸಿಪ್ಪೆಯ ಗುರುತೇ ಅಳಿದು, ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಗೆ ನೆನೆದ ನೆಲದ ಘಮ. ಎರಡೂ ಕಡೆ ಆ ಘಮ ಬಿಡುವುದು ಒಂದೇ ಬಗೆಯ ಮಣ್ಣಿನ ಜೀವಿಗಳು. ಇನ್ನು ಜರಡಿ ಹಿಡಿದು, ಕರಗದ ಮಾವಿನ ಓಟೆಯನ್ನು ಮತ್ತೆ ಮೇಲಿನ ಮಡಕೆಗೆ ಹಾಕಿದರಾಯಿತು.